ಸೈಟಿನ ಮಣ್ಣಲ್ಲಿ ತರಕಾರಿ ಏಳ್ತಾನೇ ಇಲ್ಲ, ಅನುಭವ ಇರೋರು ಹೇಳಿ

ಬೆಂಗಳೂರು ಹೊರಗಡೆ ಮನೆ ಪಕ್ಕ 20 ಅಡಿ 30 ಅಡಿ ಜಾಗ ಇದೆ, ಕೆಂಪು ಮಣ್ಣು. ಒಂದು ವರ್ಷದಿಂದ ಟೊಮೇಟೊ, ಬದನೆ, ಬೆಂಡೆ ಹಾಕ್ತಾನೇ ಇದೀನಿ, ಗಿಡ ಒಂದಡಿ ಬಂದು ಅಲ್ಲೇ ನಿಂತುಬಿಡುತ್ತೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಒಲೆ ಬೂದಿ, ಮೊಟ್ಟೆ ಸಿಪ್ಪೆ, ಸಗಣಿ ಎಲ್ಲಾ ಸುರಿದಾಯ್ತು. ಏನ್ ತಪ್ಪು ಮಾಡ್ತಿದೀನಿ?

— ಎಳೆ ಎಲೆ ಅಂದ್ರಲ್ಲ, ಅಲ್ಲೇ ಇದೆ ಉತ್ತರ. ಹಳೇ ಎಲೆ ಹಳದಿ ಆದ್ರೆ ಸಾಮಾನ್ಯವಾಗಿ ಸಾರಜನಕ ಕಮ್ಮಿ, ಎಳೇದು ಹಳದಿಯಾಗಿ ನರ ಹಸಿರು ಉಳಿದ್ರೆ ಕಬ್ಬಿಣ ಸಿಗ್ತಿಲ್ಲ ಅಂತ. ಮಣ್ಣು ಕೆಂಪಾಗಿರೋದೇ ಕಬ್ಬಿಣದಿಂದ, ಆದ್ರೂ ಗಿಡಕ್ಕೆ ಎಟುಕಲ್ಲ, ಯಾಕಂದ್ರೆ ಮನೆ ಕಟ್ಟುವಾಗ ಸಿಮೆಂಟು ಗಾರೆ ಎಲ್ಲಾ ಅಲ್ಲೇ ಹೂತಿರ್ತಾರೆ, ಪಿಎಚ್ ಏರಿರುತ್ತೆ, ಅಂದ್ರೆ ಮಣ್ಣು ಕ್ಷಾರ ಆಗಿರುತ್ತೆ, ಮೇಲಿಂದ ಗಡಸು ಬೋರ್ ನೀರು. ನಮ್ಮನೇದು 8.3 ಇತ್ತು, ನಾನೂ ನಿಮ್ಮ ಹಾಗೇ ಬೂದಿ ಹಾಕಿ ಇನ್ನೂ ಹಾಳು ಮಾಡ್ಕೊಂಡಿದ್ದೆ. ಮೊದಲು ಅದನ್ನ ನಿಲ್ಲಿಸಿ. ಒಂದೂವರೆ ಅಡಿ ಅಗೆದು ಕಲ್ಲು ಗಾರೆ ಆರಿಸಿ ಹೊರಗೆ ಹಾಕಿ, ಬೇಜಾರಿನ ಕೆಲಸ, ಆದ್ರೆ ಬೇರೆ ದಾರಿ ಇಲ್ಲ. ಆಮೇಲೆ ಐದಾರು ಕಡೆ ಅರ್ಧ ಅಡಿ ಗುಂಡಿ ತೋಡಿ, ಬದಿಯಿಂದ ಕೆರೆದ ಮಣ್ಣು ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಟೆಸ್ಟ್ ಮಾಡಿಸಿ.

— ಬೂದಿಗೆ ಸುಮ್ನೆ ಬೈಬೇಡಿ ಮಾರಾಯ್ರೆ, ನಮ್ಮ ಶಿರಸಿ ಕಡೆ ಬೂದಿ ಇಲ್ದೆ ಬಸಳೆನೂ ಬರಲ್ಲ. ಮಳೆಗೆ ಎಲ್ಲಾ ತೊಳೆದು ಹೋಗಿ ಮಣ್ಣು ಹುಳಿ ಆಗಿರುತ್ತೆ, ಅದಕ್ಕೆ ಬೂದಿ, ಸುಣ್ಣ ಬೇಕೇ ಬೇಕು. ನಿಮ್ಮ ಮಣ್ಣಿಗೆ ಬೇಡ, ಅಷ್ಟೇ. ಆದ್ರೆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಮಾತ್ರ ಎಲ್ಲಾ ಊರಿಗೂ ಆಗುತ್ತೆ. ನಿಮ್ಮ ರಸ್ತೇಲಿ ಹೊಂಗೆ ಮರ ಇದ್ರೆ ಉದುರಿದ ಎಲೆ ಗುಡಿಸಿ ಬೆಂಕಿ ಹಾಕೋ ಮೊದ್ಲೇ ಚೀಲ ತಗೊಂಡು ಹೋಗಿ!

— ನಮ್ದು ಧಾರವಾಡ ಕಡಿ, ಎರಿ ಭೂಮಿ. ಸಗಣಿ ಹಸೀದು ಹಾಕೀರೇನ್ರಿ? ನಾ ಹಂಗ ಮಾಡಿ ಅರ್ಧ ಮೆಣಸಿನ ಗಿಡ ಕಳಕೊಂಡೀನಿ, ಗೊಣ್ಣಿ ಹುಳ ಆಗಿ ಬೇರ ಕಡದು ಹಾಕಿದ್ವು. ತಿಪ್ಪ್ಯಾಗ ಚಲೋತಂಗ ಕಳಿತ ಗೊಬ್ಬರ ಹಾಕ್ರಿ, ಮುಟ್ಟಿದ್ರ ಪುಡಿ ಆಗಬೇಕು, ವಾಸನಿ ಬರಬಾರ್ದು. ಮತ್ತ ಒಂದ್ ಸೀಸನ್ ತರಕಾರಿ ಆಸೆ ಬಿಟ್ಟು ಹಸಿರು ಗೊಬ್ಬರಕ್ಕಂತ ಸೆಣಬು ಬಿತ್ರಿ, 45 ದಿನಕ್ಕ ಹೂ ಬಿಡೂ ಹೊತ್ತಿಗೆ ಕೊಯ್ದು ಅಲ್ಲೇ ಮಣ್ಣಾಗ ಮುಚ್ರಿ, ಎರಡ ಮೂರ ವಾರ ಕಳೀಲಿ, ಆಮ್ಯಾಲೆ ಸಸಿ ಹಚ್ರಿ.

— ಜೀವಾಮೃತ ಯಾರೂ ಹೇಳ್ಲಿಲ್ವಲ್ಲ?

— ಹೇಳ್ತೀನಿ, ಆದ್ರೆ ಜನ ಅದನ್ನ ಟಾನಿಕ್ ಥರ ಸುರೀತಾರೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಲೆಕ್ಕ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನಿಮ್ಮ 600 ಚದರಡಿಗೆ ಮೂರು ಲೀಟರೂ ಆಗಲ್ಲ! ಅದೂ ನೆಲಕ್ಕೆ ಎಲೆ, ಸೊಪ್ಪಿನ ಮುಚ್ಚಿಗೆ ಇದ್ರೆ ಮಾತ್ರ, ಬರೀ ಬಿಸಿಲಿಗೆ ಬಿದ್ದಿರೋ ಮಣ್ಣಿಗೆ ಹೊಯ್ದು ನಾನು ಎರಡು ವರ್ಷ ಬೆಲ್ಲ ದಂಡ ಮಾಡಿದೀನಿ. ಮೊಟ್ಟೆ ಸಿಪ್ಪೆ ವಿಷಯ ಬಿಡಿ, ಅದು ಕರಗೋಕೆ ವರ್ಷಗಟ್ಲೆ ಬೇಕು, ನಿಮ್ಮ ಮಣ್ಣಲ್ಲಂತೂ ಕರಗೋದೇ ಇಲ್ಲ.

— ಪ್ರಶ್ನೆ ಕೇಳಿದ್ದು ನಾನೇ. ಇವತ್ತು ಮೂಲೇಲಿ ಅಗೆದೆ, ಒಡೆದ ಟೈಲ್ಸು, ಗಾರೆ ಹೆಂಟೆ, ಒಂದು ಅರ್ಧ ಚೀಲ ಗಟ್ಟಿಯಾಗಿರೋ ಸಿಮೆಂಟ್. ಮಣ್ಣಿನ ಮೇಲೆ ವಿನೆಗರ್ ಹಾಕಿ ನೋಡಿದ್ರೆ ಸೋಡಾ ಥರ ನೊರೆ ಬಂತು, ಅಂದ್ರೆ ಮಣ್ಣಲ್ಲಿ ಸುಣ್ಣದಂಶ ಇದೆ. ಬೂದಿ ಡಬ್ಬ ಪಾತ್ರೆ ತೊಳೆಯೋಕೆ ಹೋಯ್ತು. ಸೆಣಬಿನ ಬೀಜ ಕಾಲು ಕೆಜಿ ಸಾಕಾ?

— ಅರ್ಧ ಕೆಜಿ ತರ್ರಿ, ಒತ್ತಾಗಿ ಬಿತ್ರಿ. ಕಾಂಡ ಸಣ್ಣ ಇದ್ರ ಲಗೂನ ಕೊಳಿತೈತಿ.