ಅಜ್ಜನ ಕಾಲದ ಕೆಂಪು ನೆಲ, ಮುರಿದ ಜಗಲಿ ಮೆಟ್ಟಿಲು: ಟೈಲ್ಸ್ ಹಾಕದೆ ಸರಿ ಮಾಡೋದು ಹೇಗೆ?

ಜಗಲಿಮನೆ:
ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಹಳೇ ಮನೆ. ಜಗಲಿ, ನಡುಮನೆ ಎರಡಕ್ಕೂ ರೆಡ್ ಆಕ್ಸೈಡ್ ನೆಲ. ಯುಗಾದಿಯಿಂದ ಪ್ರತಿ ಶನಿವಾರ ಬೆಂಗಳೂರಿಂದ ಬಂದು ಒಂದೊಂದೇ ಕೆಲಸ ನಾನೇ ಮಾಡ್ತಿದ್ದೀನಿ. ಗೋಡೆಗೆ ಸುಣ್ಣ ಆಯ್ತು, ಕಿಟಕಿಗೆ ಎಣ್ಣೆ ಆಯ್ತು. ಈಗ ನೆಲ.

ನಡುಮನೆ ಬಾಗಿಲಿಂದ ಕಂಬದವರೆಗೆ ಆರಡಿ ಉದ್ದದ ಬಿರುಕು. ಕಂಬದ ಪಕ್ಕ ಊಟದ ತಟ್ಟೆಯಷ್ಟು ಜಾಗ ತಗ್ಗಾಗಿದೆ, ಬೆರಳ ಗೆಣ್ಣಲ್ಲಿ ಕುಟ್ಟಿದರೆ ಟೊಳ್ಳು ಸದ್ದು. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಜಂಬಿಟ್ಟಿಗೆ ಕಲ್ಲಿನ ಮೇಲೆ ಸಿಮೆಂಟ್ ಗಾರೆ. ನಡುವಿನದರ ಅಂಚು ಒಂದೂವರೆ ಇಂಚು ಉದುರಿ ಹೋಗಿದೆ. ಹೋದ ಮಳೆಗಾಲದಲ್ಲಿ ಅಪ್ಪ ಅಲ್ಲೇ ಬಿದ್ದು ಮಣಿಕಟ್ಟು ಮುರ್ಕೊಂಡ್ರು.

ನೋಡಿದವರೆಲ್ಲ ಮೇಲೆ ಟೈಲ್ಸ್ ಹಾಕಿಸಿಬಿಡು ಅಂತಾರೆ. ಅಮ್ಮನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಬಿರುಕಿಗೆ ಸಿಮೆಂಟ್ ತಿಳಿ ತುಂಬಿ ನೋಡಿದೆ, ಎರಡೇ ವಾರಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಮಳೆ ಹಿಡಿಯೋ ಮೊದಲು ಮುಗೀಬೇಕು. ಎಲ್ಲಿಂದ ಶುರು ಮಾಡಲಿ?

ಕರಣೆ_ಶಿರಸಿ:
ಮೆಟ್ಟಿಲಿಂದ. ನೆಲ ಇನ್ನೊಂದು ವರ್ಷ ಕಾಯುತ್ತೆ, ಅಪ್ಪನ ಕೈ ಕಾಯಲ್ಲ.

ನಾನು ಮೇಸ್ತ್ರಿ ಅಲ್ಲ. ನಮ್ಮ ಮನೆಯದನ್ನ ಒಬ್ಬ ಹಿರಿಯ ಮೇಸ್ತ್ರಿ ಜೊತೆ ಕೂತು ಮಾಡಿ ಕಲಿತದ್ದು. ಮುರಿದ ಅಂಚಿಗೆ ತೆಳ್ಳಗೆ ಗಾರೆ ಮೆತ್ತಿದರೆ ನಿಲ್ಲಲ್ಲ. ಚಾಣ ಹಿಡಿದು ಗಟ್ಟಿ ಕಲ್ಲು ಸಿಗೋವರೆಗೆ ನೇರ ಕತ್ತರಿಸಿ, ಹೊಸ ಗಾರೆಗೆ ಎಲ್ಲೂ ಮುಕ್ಕಾಲು ಇಂಚಿಗಿಂತ ಕಡಿಮೆ ದಪ್ಪ ಬರಬಾರದು. ಜಂಬಿಟ್ಟಿಗೆ ನೀರು ಹೀರೋ ಕಲ್ಲು. ಹಿಂದಿನ ರಾತ್ರಿಯೇ ನೆನೆಸದಿದ್ದರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತೆ. ಮುಂದೆ ಹಲಗೆ ನಿಲ್ಲಿಸಿ ಇಟ್ಟಿಗೆ ಒತ್ತು ಕೊಡಿ, ಸಿಮೆಂಟ್ ತಿಳಿ ಬಳಿದು ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ತುಂಬಿ. ಅಂಗಳದ ಕಡೆ ಕಾಲಿಂಚು ಓಟ, ಅಂದರೆ ಇಳಿಜಾರು, ಇರಲಿ, ನೀರು ನಿಲ್ಲಬಾರದು. ಮೇಲ್ಮೈ ನಯ ಮಾಡಬೇಡಿ. ಅಂಚಿನ ಹತ್ತಿರ ಹಸಿಯಲ್ಲೇ ಮೂರು ಗೀರು ಎಳೆಯಿರಿ, ಕಾಲಿಗೆ ಹಿಡಿತ ಸಿಗುತ್ತೆ. ಹತ್ತು ದಿನ ಒದ್ದೆ ಗೋಣಿಚೀಲ.

ಬಿರುಕು ಎದ್ದು ಬಂದದ್ದಕ್ಕೆ ಕಾರಣ ಇದೆ. ಬಿರುಕನ್ನ ಬಿಡಿಸುವಾಗ ಬಾಯಿ ಕಿರಿದು, ಹೊಟ್ಟೆ ಅಗಲ ಇರಬೇಕು, ಆಗ ತುಂಬಿದ್ದು ಒಳಗೇ ಕಚ್ಚಿಕೊಳ್ಳುತ್ತೆ. ಅದಕ್ಕೂ ಮೊದಲು ಬಿರುಕಿನ ಮೇಲೆ ಅಡ್ಡಲಾಗಿ ಒಂದು ನಾಣ್ಯ ಜಾರಿಸಿ ನೋಡಿ. ತಡೆದರೆ ಒಂದು ಕಡೆ ನೆಲ ಇಳೀತಿದೆ ಅಂತ ಅರ್ಥ. ಹಾಗಿದ್ದರೆ ಮೊದಲು ಕೆಳಗಿನ ಮಣ್ಣು ಸರಿ ಮಾಡಬೇಕು.

ಟೊಳ್ಳು ಜಾಗ ಚೌಕಾಕಾರ ಕತ್ತರಿಸಿ ತೆಗೆಯಿರಿ. ಮಣ್ಣು ನಾಲ್ಕು ನಾಲ್ಕು ಇಂಚಿನ ಪದರವಾಗಿ ನೀರು ಚಿಮುಕಿಸಿ ದಿಮ್ಮಸು ಹೊಡೆದು ಗಟ್ಟಿ ಮಾಡಿ. ಮೇಲೆ ಮೂರಿಂಚು ಜಲ್ಲಿ ಕಾಂಕ್ರೀಟು, ಅದರ ಮೇಲೆ ಗಾರೆ. ಗಾರೆ ಹಸಿ ಇರುವಾಗಲೇ ಬಣ್ಣದ ಪದರ ಬರಬೇಕು, ಮಾರನೇ ದಿನ ಹಾಕಿದರೆ ಬಿಟ್ಟುಕೊಳ್ಳುತ್ತೆ. ನಾನು ಹಾಕಿದ್ದು ಹತ್ತು ಕೆಜಿ ಸಿಮೆಂಟಿಗೆ ಒಂದು ಕೆಜಿ ಆಕ್ಸೈಡು, ಒಣದಾಗಿಯೇ ಬೆರೆಸಿ ಮೂರು ಸಲ ಜರಡಿ ಹಿಡಿದು. ಹೊಳಪು ಬರೋದು ಉಕ್ಕಿನ ಕರಣೆಯಲ್ಲಿ ಒತ್ತಿ ಒತ್ತಿ ತೀಡಿದಾಗ. ಕಿಟಕಿ ಮುಚ್ಚಿಡಿ, ಬಿಸಿಲು ಗಾಳಿ ತಾಗಿದರೆ ಕೂದಲೆಳೆಯಂಥ ಬಿರುಕು ಬರುತ್ತೆ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಸಿಮೆಂಟು ಚರ್ಮ ಸುಡುತ್ತೆ.

ಒಂದು ಎಚ್ಚರಿಕೆ: ತಗ್ಗಾಗಿರೋದು ನೆಲ ಮಾತ್ರವೋ, ಕಂಬವೂ ಇಳಿದಿದೆಯೋ ನೋಡಿ. ಕಂಬ ಇಳಿದಿದ್ದರೆ ನೀವು ಅಗೆಯಬೇಡಿ, ಮಾಡಿನ ಭಾರ ಅದರ ಮೇಲಿದೆ. ತಿಳಿದ ಮೇಸ್ತ್ರಿಯನ್ನ ಕರೆಸಿ.

ರಸಮಟ್ಟ:
ಟೈಲ್ಸ್ ಬೇಡ ಅಂದದ್ದು ಒಳ್ಳೇದಾಯ್ತು. ಜಗಲಿ ಮೇಲೆ ಟೈಲ್ಸು, ಅದರ ಕೆಳಗೆ ಗಾರೆ ಸೇರಿ ಒಂದೂವರೆ ಇಂಚು ಏರಿದರೆ ಕೊನೇ ಮೆಟ್ಟಿಲು ಮಾತ್ರ ಅಷ್ಟು ಎತ್ತರ ಆಗುತ್ತೆ. ಮನುಷ್ಯ ಮೆಟ್ಟಿಲನ್ನ ನೋಡಿ ಹತ್ತಲ್ಲ, ಮೊದಲ ಎರಡರ ಲೆಕ್ಕದಲ್ಲೇ ಮೂರನೇದಕ್ಕೂ ಕಾಲೆತ್ತುತ್ತಾನೆ. ನಮ್ಮತ್ತೆ ಎಡವಿದ್ದು ಹೀಗೇ. ಈಗ ರಿಪೇರಿ ಮಾಡುವಾಗಲೂ ಮೂರರ ಎತ್ತರ ಅಳೆದು ಸಮ ಮಾಡಿ. ಏಳಿಂಚು ಮೀರದಿದ್ದರೆ ವಯಸ್ಸಾದವರಿಗೆ ಸಲೀಸು.

ಮಲೆನಾಡಿಗ:
ನೆಲದಲ್ಲಿ ತೇವ ಏರ್ತಿದೆಯಾ? ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹನಿ ಅಡಿಯಲ್ಲಿದ್ದರೆ ಭೂಮಿಯದ್ದು, ಮೇಲಿದ್ದರೆ ಗಾಳಿಯದ್ದು. ಆದರೆ ಬೇಸಿಗೆಯಲ್ಲಿ ಈ ಪರೀಕ್ಷೆ ನಂಬಬೇಡಿ, ಆಷಾಢದಲ್ಲಿ ಇನ್ನೊಂದು ಸಲ ಮಾಡಿ. ಗೋಡೆ ಬುಡದಲ್ಲಿ ಬಿಳೀ ಉಪ್ಪು ಎದ್ದಿದ್ದರೆ ತೇವ ಇದೆ ಅಂತಲೇ ತಿಳ್ಕೊಳ್ಳಿ.

ಜಗಲಿಮನೆ:
ಐದು ವಾರದ ನಂತರ ಬರೀತಿದ್ದೀನಿ. ಮೆಟ್ಟಿಲು ಮುಗೀತು. ಅಳೆದು ನೋಡಿದರೆ ಆರೂವರೆ, ಏಳು, ಎಂಟು ಇಂಚು ಇದ್ದವು! ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಕೆಳಗಿನೆರಡನ್ನೂ ಏರಿಸಿ ಮೂರನ್ನೂ ಏಳು, ಏಳು ಕಾಲರ ಆಸುಪಾಸಿಗೆ ತಂದೆ.

ಕಂಬ ಇಳಿದಿರಲಿಲ್ಲ, ಕೆಳಗಿನ ಚಪ್ಪಡಿ ಅಲುಗಾಡಿಲ್ಲ. ನೆಲ ಬಿಡಿಸಿದರೆ ಒಳಗೆ ಹೆಗ್ಗಣದ ಬಿಲ. ಮೊಣಕೈವರೆಗೆ ಕೈ ಹೋಯ್ತು. ಬಿಲ ಹೊರಗೋಡೆ ಬುಡದಿಂದ ಬಂದಿತ್ತು, ಆ ಬಾಯಿಗೆ ಗಾಜಿನ ಚೂರು, ಜಲ್ಲಿ, ಗಾರೆ ಹಾಕಿ ಮುಚ್ಚಿದೆ. ನಾಣ್ಯ ಎಲ್ಲೂ ತಡೀಲಿಲ್ಲ, ಹಾಗಾಗಿ ಬಿರುಕನ್ನ ಬಾಯಿ ಕಿರಿದು ಮಾಡಿಯೇ ತುಂಬಿದೆ, ಇವತ್ತಿನವರೆಗೆ ಅಲುಗಿಲ್ಲ.

ಚೌಕದ ಬಣ್ಣ ಮಾತ್ರ ಹೊಂದಿಲ್ಲ. ಹಳೇದು ಕಾಫಿ ಕೆಂಪು, ಹೊಸದು ಕುಂಕುಮ. ಮತ್ತೆ ಮಾಡಲಾ ಅಂತ ಅಮ್ಮನ್ನ ಕೇಳಿದೆ. ಬೇಡ, ನಾನು ಕೊಬ್ಬರಿ ಎಣ್ಣೆ ತಿಕ್ತೀನಿ ಅಂದ್ರು. ಈಗಲೇ ತಿಕ್ಕಬಹುದಾ, ಪೂರ್ತಿ ಒಣಗೋವರೆಗೆ ಕಾಯಬೇಕಾ?

ಕರಣೆ_ಶಿರಸಿ:
ಗಾರೆ ಹಾಕಿ ಒಂದು ತಿಂಗಳು ತುಂಬಲಿ. ಆಮೇಲೆ ವಾರಕ್ಕೊಮ್ಮೆ, ಬಟ್ಟೆಗೆ ನಾಲ್ಕೇ ಹನಿ. ಮೆಟ್ಟಿಲಿಗೆ ಮಾತ್ರ ಎಣ್ಣೆ ತಾಗಿಸಬೇಡಿ ಅಂತ ಅಮ್ಮನಿಗೆ ಹೇಳಿ.