ದೊಡ್ಡ ಟೈರ್ ಹಾಕಿಸಿದ ಮೇಲೆ ಸ್ಪೀಡೋಮೀಟರ್ 'ಅಂಶಾಂಕನ': ಈ ಪದ ಇಲ್ಲಿ ಸಲ್ಲುತ್ತದೆಯೇ?

ಪ್ರಶ್ನೆ

ಅಮೆರಿಕದ ಪಿಕಪ್ ಟ್ರಕ್‌ಗಳ ರಿಪೇರಿ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ ಮೇಲೆ ಸ್ಪೀಡೋಮೀಟರನ್ನು 'ರೀಕ್ಯಾಲಿಬ್ರೇಟ್' ಮಾಡುವ ಅಧ್ಯಾಯದಲ್ಲಿ ಮೂರು ಕಡೆ ಪೆನ್ನು ನಿಂತಿದೆ.

ಮೊದಲನೆಯದು ಆ ಪದವೇ. ಅಂತರ್ಜಾಲದಲ್ಲಿ 'ಮಾಪನಾಂಕ ನಿರ್ಣಯ' ಎಂದು ಕಾಣುತ್ತದೆ, ಕೆಲವರು 'ಅಂಶಾಂಕನ' ಎನ್ನುತ್ತಾರೆ, ಆಟೋ ಮೀಟರ್ ವಿಚಾರದಲ್ಲಿ 'ಸತ್ಯಾಪನೆ' ಇದೆ. ಯಾವುದನ್ನು ಇಟ್ಟುಕೊಳ್ಳಲಿ? ಎರಡನೆಯದು, 'ಮೀಟರ್ ಸ್ಲೋ ಆಗುತ್ತದೆ' ಎಂಬ ಮಾತು. 'ನಿಧಾನವಾಗುತ್ತದೆ' ಎಂದು ಬರೆದರೆ ಗಾಡಿಯೇ ನಿಧಾನವಾಯಿತೇನೋ ಎಂದು ಓದುವವರು ತಿಳಿಯುತ್ತಾರೆ. ಮೂರನೆಯದು, ಕೇಬಲ್ ಮೀಟರಿನ (ಗೇರ್ ಬಾಕ್ಸಿನಿಂದ ಬರುವ ಕೇಬಲ್ ತಿರುಗಿಸುವ ಹಳೆಯ ಮೀಟರ್) ಎರಡು ಗೇರುಗಳಲ್ಲಿ ತಿರುಗಿಸುವುದಕ್ಕೆ 'ಚಾಲಕ ಗೇರ್', ಅದರಿಂದ ತಿರುಗುವುದಕ್ಕೆ 'ಚಾಲಿತ ಗೇರ್' ಎಂದು ಹಾಕಿದ್ದೇನೆ. ಸರಿಯೇ?

ಉತ್ತರ

ಮೂರನೆಯದನ್ನು ಗೇರ್ ಬಾಕ್ಸ್ ಬಿಚ್ಚಿ ಬಲ್ಲವರಿಗೆ ಬಿಡುತ್ತೇನೆ.

'ಅಂಶಾಂಕನ' ಬೇಡ. ಅದು ಖಾಲಿ ಅಳತೆಪಟ್ಟಿಯ ಮೇಲೆ ಗೆರೆ ಎಳೆದು ಅಂಕಿ ಬರೆಯುವ ಕೆಲಸ. ಥರ್ಮಾಮೀಟರಿನ ಕೊಳವೆಗೆ ಒಪ್ಪುತ್ತದೆ. ಇಲ್ಲಿ ಡಯಲ್ ಮೇಲಿನ ಒಂದು ಗೆರೆಯೂ ಕದಲುವುದಿಲ್ಲ. 'ಸತ್ಯಾಪನೆ'ಯೂ ಬೇಡ. ಅದರ ಬೆನ್ನಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ, ವರ್ಕ್‌ಶಾಪಿನವರು ತಾವೇ ಮಾಡಿ ಮುಗಿಸುವ ಕೆಲಸವಲ್ಲ.

ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡು ಕೆಲಸ ತುರುಕಿದ್ದಾರೆ. ಅಳತೆಶಾಸ್ತ್ರದ ಅಂತರರಾಷ್ಟ್ರೀಯ ಪದಕೋಶವೇ ಕ್ಯಾಲಿಬ್ರೇಷನ್ ಬೇರೆ, ಅಡ್ಜಸ್ಟ್‌ಮೆಂಟ್ ಬೇರೆ, ಬೆರೆಸಬೇಡಿ ಎನ್ನುತ್ತದೆ. ನಮ್ಮಲ್ಲಿ ಎರಡಕ್ಕೂ ದಿನಬಳಕೆಯ ಮಾತಿದೆ: ಮೀಟರ್ ತೋರಿಸುವ ವೇಗವನ್ನು ನಿಜವಾದ ವೇಗದ ಜೊತೆ ತಾಳೆ ನೋಡುವುದು, ಆಮೇಲೆ ವ್ಯತ್ಯಾಸ ಹೋಗುವಂತೆ ಹೊಂದಿಸುವುದು. ಅಧ್ಯಾಯವನ್ನು ಈ ಎರಡು ಕ್ರಿಯಾಪದಗಳ ಮೇಲೆ ನಿಲ್ಲಿಸಿದರೆ ಅರ್ಧ ಗೊಂದಲ ಹೋಗುತ್ತದೆ.

'ದೊಡ್ಡ ಟೈರ್' ಬಗ್ಗೆ ನೀವು ಕೇಳಿಲ್ಲ, ಆದರೆ ನಿಜವಾದ ತೊಡಕು ಅಲ್ಲೇ ಇದೆ. ಕನ್ನಡದಲ್ಲಿ ಅಗಲವಾದದ್ದೂ ದೊಡ್ಡದು, ಎತ್ತರದ್ದೂ ದೊಡ್ಡದು. ಮೀಟರಿಗೆ ಬೇಕಾದದ್ದು ಎತ್ತರ ಮಾತ್ರ, ಅಂದರೆ ಹೊರವ್ಯಾಸ. ಮೀಟರ್ ಎಣಿಸುವುದು ಚಕ್ರದ ಸುತ್ತನ್ನು, ಎತ್ತರದ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. 265/70 ಆರ್ 17 ತೆಗೆದುಕೊಳ್ಳಿ: ಅಗಲ 265 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 70%, ರಿಮ್ 17 ಇಂಚು. 265ರ 70% ಅಂದರೆ 185.5 ಮಿ.ಮೀ. ಪಕ್ಕದ ಗೋಡೆ. ಅದರ ಎರಡರಷ್ಟಕ್ಕೆ ರಿಮ್ಮಿನ 431.8 ಸೇರಿಸಿದರೆ ವ್ಯಾಸ 802.8 ಮಿ.ಮೀ. ಇದರ ಬದಲು 285/65 ಆರ್ 17 ಹಾಕಿದರೆ ವ್ಯಾಸ 802.3. ಟೈರ್ 20 ಮಿ.ಮೀ. ಅಗಲವಾಯಿತು, ಮೀಟರಿಗೆ ಏನೂ ಆಗಲಿಲ್ಲ. ಅದೇ 285/70 ಆರ್ 17 ಹಾಕಿದರೆ 830.8, ಹಳೆಯದರ 1.035 ಪಟ್ಟು. ಹಾಗಾಗಿ ಅಧ್ಯಾಯದ ತಲೆಬರಹದಲ್ಲೇ 'ಎತ್ತರದ ಟೈರ್' ಎಂದು ಹಾಕಿ.

'ಸ್ಲೋ' ಎಂಬುದಕ್ಕೆ 'ಮೀಟರ್ ಕಮ್ಮಿ ತೋರಿಸುತ್ತದೆ' ಎನ್ನಿ. ವಾಕ್ಯದಲ್ಲಿ ಯಾರು ಕಮ್ಮಿ, ಯಾವುದಕ್ಕಿಂತ ಕಮ್ಮಿ ಎಂಬುದು ಬಂದುಬಿಡಲಿ: ಈ 1.035 ಪಟ್ಟಿನ ಟೈರಿನಲ್ಲಿ ಮುಳ್ಳು 60 ಮೈಲಿಯ ಮೇಲಿದ್ದಾಗ ಗಾಡಿ ಓಡುತ್ತಿರುವುದು 62 ಮೈಲಿ ವೇಗದಲ್ಲಿ. ಓಡಿದ ದೂರ ಎಣಿಸುವ ಓಡೋಮೀಟರೂ ಅಷ್ಟೇ ಕಮ್ಮಿ ಎಣಿಸುತ್ತದೆ. ಅದು 5,000 ಮೈಲಿ ಎಂದಾಗ ಗಾಡಿ 5,170ರ ಮೇಲೆ ಓಡಿರುತ್ತದೆ, ಎಂಜಿನ್ ಆಯಿಲ್ ಬದಲಿಸುವುದು ತಡವಾಗುತ್ತದೆ. 'ದೊಡ್ಡ ಟೈರ್ ಹಾಕಿ ಮೈಲೇಜ್ ಬಿತ್ತು' ಎಂಬ ದೂರಿನಲ್ಲಿ ಒಂದು ಪಾಲು ಇದೇ. ನಿಜದಲ್ಲಿ ಗ್ಯಾಲನ್‌ಗೆ 18 ಮೈಲಿ ಕೊಡುತ್ತಿರುವ ಗಾಡಿ ಈ ಲೆಕ್ಕದಲ್ಲಿ 17.4 ಎಂದು ಕಾಣುತ್ತದೆ.

ತಾಳೆ ನೋಡುವ ಭಾಗಕ್ಕೆ ಹೆಚ್ಚು ಜಾಗ ಕೊಡಿ, ಜನ ಹಾರಿಸುವುದು ಅದನ್ನೇ. ಟೈರ್ ಬದಲಿಸುವ ಮೊದಲೊಮ್ಮೆ, ಬದಲಿಸಿದ ಮೇಲೊಮ್ಮೆ ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಮೀಟರ್ ಕಾರ್ಖಾನೆಯಿಂದಲೇ ಒಂದೆರಡು ಮೈಲಿ ಹೆಚ್ಚು ತೋರಿಸುತ್ತದೆ. ಯುರೋಪಿನಲ್ಲಿ ಚಾಲ್ತಿಯಲ್ಲಿರುವ ವಿಶ್ವಸಂಸ್ಥೆಯ 39ನೇ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಮ್ಮಿ ತೋರಿಸುವಂತೆಯೇ ಇಲ್ಲ. ಹೆಚ್ಚಾದರೆ ನಿಜ ವೇಗದ ಹತ್ತನೇ ಒಂದು ಪಾಲಿಗೆ 4 ಕಿ.ಮೀ. ಕೂಡಿಸಿದಷ್ಟರವರೆಗೆ ಹೆಚ್ಚಿರಬಹುದು. ಅಮೆರಿಕದಲ್ಲಿ ವಾಣಿಜ್ಯ ಸಾಗಣೆಯ ಟ್ರಕ್ಕುಗಳಿಗೆ 50 ಮೈಲಿ ವೇಗದಲ್ಲಿ 5 ಮೈಲಿ ಅತ್ತಿತ್ತ ಆದರೂ ನಡೆಯುತ್ತದೆ. ಮೊದಲೇ 3% ಹೆಚ್ಚು ತೋರಿಸುತ್ತಿದ್ದ ಗಾಡಿಗೆ 3.5% ಎತ್ತರದ ಟೈರ್ ಬಿದ್ದರೆ ಮುಳ್ಳು ತಾನಾಗಿಯೇ ಸರಿಯಾಗಿ ನಿಲ್ಲುತ್ತದೆ. ಅಂಥದ್ದನ್ನು ಬರಿಯ ಟೈರಿನ ಲೆಕ್ಕ ನೋಡಿ ಹೊಂದಿಸಿದರೆ ಕೆಡಿಸಿದ ಹಾಗೆ.

ಸಮತಟ್ಟಾದ ನೇರ ರಸ್ತೆಯಲ್ಲಿ, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಹಾಕಿ, ವೇಗ ಕದಲದಂತೆ ಹತ್ತು ಹದಿನೈದು ಸೆಕೆಂಡ್ ಬಿಟ್ಟು ಜಿಪಿಎಸ್ ಓದಬೇಕು. 30, 45, 60 ಮೂರರಲ್ಲೂ ಬರೆದುಕೊಳ್ಳಬೇಕು. ಒಂದೇ ವೇಗದಲ್ಲಿ ನೋಡಿದರೆ ಕಾಯಿಲೆ ಯಾವುದೆಂದು ತಿಳಿಯುವುದಿಲ್ಲ. 30ರಲ್ಲಿ 1, 60ರಲ್ಲಿ 2 ಮೈಲಿ ಕಮ್ಮಿ ಇದ್ದರೆ ಅದು ಟೈರಿನ ಅಥವಾ ಗೇರಿನ ವ್ಯತ್ಯಾಸ. ಮೂರರಲ್ಲೂ ಒಂದೇ ಸಮ 3 ಕಮ್ಮಿ ಇದ್ದರೆ ಮುಳ್ಳನ್ನು ಕಡ್ಡಿಯ ಮೇಲೆ ತಪ್ಪು ಜಾಗದಲ್ಲಿ ಕೂರಿಸಿದ್ದಾರೆ, ಗೇರ್ ಮುಟ್ಟಬಾರದು. ಮೈಲಿಗಲ್ಲಿನಿಂದ ಮೈಲಿಗಲ್ಲಿಗೆ ಹತ್ತು ಮೈಲಿ ಓಡಿಸಿ ಓಡೋಮೀಟರನ್ನೂ ತಾಳೆ ನೋಡಬೇಕು. ಕೇಬಲ್ ಮೀಟರಿನಲ್ಲಿ ಓಡೋಮೀಟರ್ ಹಲ್ಲಿಗೆ ಹಲ್ಲು ಕೂಡಿ ತಿರುಗುತ್ತದೆ, ಮುಳ್ಳು ಮಾತ್ರ ಅಯಸ್ಕಾಂತ ಮತ್ತು ಕೂದಲೆಳೆಯಂಥ ಸ್ಪ್ರಿಂಗ್ ನಂಬಿಕೊಂಡಿರುತ್ತದೆ. ಓಡೋಮೀಟರ್ ಸರಿ, ಮುಳ್ಳು ತಪ್ಪು ಎಂದಾದರೆ ಕೆಟ್ಟಿರುವುದು ಮೀಟರಿನ ಒಳಗೆ.

ಅರ್ಧ ಪರ್ಸೆಂಟಿಗೆಲ್ಲ ಹೊಡೆದಾಡುವುದು ಬೇಡ. ಹೊಸ ಟೈರ್ ಸವೆದು ಬೋಳಾಗುವ ಹೊತ್ತಿಗೆ ವ್ಯಾಸವೇ ಸುಮಾರು 2% ಇಳಿದಿರುತ್ತದೆ.

ಮತ್ತೊಂದು ಉತ್ತರ

ಮೇಲಿನದಕ್ಕೆ ಒಪ್ಪಿಗೆ ಇದೆ. 'ಹೊಂದಿಸು' ಎಂದರೆ ಯಾವ ಗಾಡಿಯಲ್ಲಿ ಏನು ಮಾಡುವುದು ಎಂಬುದನ್ನು ಮಾತ್ರ ಬಿಡಿಸಿ ಬರೆಯಬೇಕು, ಕೆಲಸ ಒಂದೇ ಅಲ್ಲ.

ಹಳೆಯ ಕೇಬಲ್ ಗಾಡಿಗಳಲ್ಲಿ ಹೊಂದಿಸುವುದೆಂದರೆ ಗೇರ್ ಬದಲಿಸುವುದು. 'ಚಾಲಕ', 'ಚಾಲಿತ' ವ್ಯಾಕರಣಕ್ಕೆ ಸರಿ, ವರ್ಕ್‌ಶಾಪಿಗೆ ಅಪಾಯ. ಒಂದಕ್ಷರ ತಪ್ಪಿ ಅಚ್ಚಾದರೆ ಲೆಕ್ಕವೇ ತಿರುವುಮುರುವು. ಇರುವ ಜಾಗದಿಂದ ಹೆಸರಿಡಿ: ಶಾಫ್ಟಿನ ಗೇರ್, ಕೇಬಲಿನ ಗೇರ್. ಶಾಫ್ಟಿನದು ಗೇರ್ ಬಾಕ್ಸಿನ ಬಾಲದೊಳಗೆ ಇರುತ್ತದೆ, ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಬದಲಿಸುವುದು ಕೇಬಲಿನದು, ಪ್ಲಾಸ್ಟಿಕ್ಕಿನ ಪುಟ್ಟ ಗೇರ್. ಟೈರ್ ಎತ್ತರವಾದರೆ ಅದರ ಹಲ್ಲು ಕಮ್ಮಿಯಾಗಬೇಕು, ಆಗಲೇ ಕೇಬಲ್ ಜೋರಾಗಿ ತಿರುಗುವುದು. ಇದ್ದ ಹಲ್ಲನ್ನು ಹಳೇ ವ್ಯಾಸದಿಂದ ಗುಣಿಸಿ ಹೊಸ ವ್ಯಾಸದಿಂದ ಭಾಗಿಸಿ. 31 ಇಂಚಿನ ಟೈರಿಗೆ 34 ಹಲ್ಲಿದ್ದರೆ 33 ಇಂಚಿಗೆ 31.9 ಬರುತ್ತದೆ, 32 ಹಲ್ಲಿನದು ಹಾಕಿ. ಟೈರಿನ ಮೇಲೆ ಬರೆದ 33 ಪೂರ್ತಿ 33 ಇರುವುದು ಕಡಿಮೆ. ಜೊತೆಗೆ ಭಾರ ಬಿದ್ದಾಗ ಟೈರ್ ಕುಗ್ಗುತ್ತದೆ. ತಯಾರಕರು ಕೊಡುವ 'ಮೈಲಿಗೆ ಎಷ್ಟು ಸುತ್ತು' ಎಂಬ ಅಂಕಿ ಸಿಕ್ಕರೆ ಅದನ್ನೇ ಹಿಡಿಯಿರಿ. ರೇಡಿಯಲ್ ಟೈರಿಗೆ ಉರುಳುವ ಸುತ್ತಳತೆ ವ್ಯಾಸದ 3.14 ಪಟ್ಟಲ್ಲ, ಸುಮಾರು 3.05 ಪಟ್ಟು.

ಬಿಚ್ಚುವಾಗ ಕೇಬಲ್ ಕಳಚಿ, ಕ್ಲಾಂಪಿನ ಬೋಲ್ಟ್ ತೆಗೆದು, ಗೇರನ್ನು ಹಿಡಿದಿರುವ ಹೌಸಿಂಗ್ ಎಳೆಯಬೇಕು. ಒಂದಿಷ್ಟು ಆಯಿಲ್ ಸುರಿಯುತ್ತದೆ, ಕೆಳಗೆ ತಟ್ಟೆ ಇರಲಿ. ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮತ್ತು ಒಳಗಿನ ಸೀಲ್ ಹೊಸದು ಹಾಕಬೇಕು. ಸೀಲ್ ಸೋತರೆ ಆಯಿಲ್ ಕೇಬಲ್ ಹಿಡಿದು ಮೇಲಕ್ಕೇರಿ ಮೀಟರನ್ನೇ ಸೇರುತ್ತದೆ. ಹಳೆಯ ಡಾಡ್ಜ್ ಟ್ರಕ್ಕುಗಳಲ್ಲಿ ಹೌಸಿಂಗಿನ ರಂಧ್ರ ನಡುವಿನಲ್ಲಿರುವುದಿಲ್ಲ, ಒಂದು ಪಕ್ಕಕ್ಕಿದೆ. ಅಂಚಿನಲ್ಲಿ 32–38 ಎಂಬಂತೆ ಹಲ್ಲಿನ ವ್ಯಾಪ್ತಿ ಕೊರೆದಿರುತ್ತದೆ. ನಿಮ್ಮ ಗೇರಿಗೆ ಹೊಂದುವ ವ್ಯಾಪ್ತಿ ಗಡಿಯಾರದ ಆರು ಗಂಟೆಯ ಜಾಗಕ್ಕೆ, ಅಂದರೆ ನೇರ ಕೆಳಕ್ಕೆ, ಬರುವಂತೆ ತಿರುಗಿಸಿ ಕೂರಿಸಬೇಕು. ಹಾಗೇ ತುರುಕಿದರೆ ಹಲ್ಲು ಅಂಚಿಗಷ್ಟೇ ಕಚ್ಚಿ ಬೇಗ ಸವೆದು ಹೋಗುತ್ತದೆ.

1992–96ರ ಫೋರ್ಡ್ ಎಫ್-150ಯಲ್ಲಿ ಕೇಬಲ್ ಇಲ್ಲ. ಹಿಂದಿನ ಆಕ್ಸಲ್‌ನಲ್ಲಿ 108 ಹಲ್ಲಿನ ಉಂಗುರವನ್ನು ಸೆನ್ಸರ್ ಎಣಿಸುತ್ತದೆ, ಮೀಟರಿನಲ್ಲಿ ಒಂದು ಗುಣಕ ಇರುತ್ತದೆ: ಮೈಲಿಗೆ ಟೈರಿನ ಸುತ್ತು ಗುಣಿಸು 108. ಇಲ್ಲಿ ಹೊಂದಿಸುವುದೆಂದರೆ ಆ ಅಂಕಿ ಬದಲಿಸುವುದು, ಅದೂ ಆರೇ ಸಲ. ತಾಳೆ ನೋಡದೆ ಅಂದಾಜಿಗೆ ಒತ್ತುತ್ತಾ ಹೋದರೆ ಅವಕಾಶ ಮುಗಿದೇ ಹೋಗುತ್ತದೆ. ಇನ್ನೊಂದು ಮಾತು, ಸೆನ್ಸರ್ ಆಕ್ಸಲ್‌ನಲ್ಲೇ ಇರುವುದರಿಂದ ಆಕ್ಸಲ್ ತಿರುಗಿಸುವ ಕ್ರೌನ್-ಪಿನಿಯನ್ ಗೇರುಗಳ ಅನುಪಾತ ಬದಲಿಸಿದರೆ ಈ ಮೀಟರಿಗೆ ವ್ಯತ್ಯಾಸವಿಲ್ಲ. ಗೇರ್ ಬಾಕ್ಸಿನಿಂದ ಎಣಿಸುವ ಗಾಡಿಗಳಲ್ಲಿ ಇದೆ.

ಈಚಿನ ಎಫ್-150ಯಲ್ಲಿ ಟೈರಿನ ಸುತ್ತಳತೆ ಮಿಲಿಮೀಟರಿನಲ್ಲಿ ಕಂಪ್ಯೂಟರಿನೊಳಗಿರುತ್ತದೆ. ಫೋರ್‌ಸ್ಕ್ಯಾನ್‌ನಂಥ ತಂತ್ರಾಂಶದಿಂದ ಓದಿ, ಇದ್ದ ಅಂಕಿಯನ್ನು ಮೊದಲು ಬರೆದಿಟ್ಟುಕೊಂಡು, ತಾಳೆಯಲ್ಲಿ ಸಿಕ್ಕ ಅನುಪಾತದಿಂದ ಗುಣಿಸಿ. 2450 ಇದ್ದರೆ, 1.035ಕ್ಕೆ 2536. ಟೇಪು ಹಿಡಿದು ಅಳೆದ ಸುತ್ತಳತೆ ಹಾಕಬೇಡಿ, ಅದು ಭಾರವಿಲ್ಲದ ಟೈರಿನ ಅಳತೆ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಕೂಡಿಸಿರಬೇಕು. ನಡುವೆ ವೋಲ್ಟೇಜ್ ಕುಸಿದರೆ ಆ ಕಂಪ್ಯೂಟರ್ ಅರೆಬರೆ ನಿಲ್ಲುತ್ತದೆ.

ಕೊನೆಗೆ, 'ಮೀಟರ್ ತಿರುಗಿಸು' ಎಂಬ ಮಾತು ಕೈಪಿಡಿಯಲ್ಲಿ ಎಲ್ಲೂ ನುಸುಳದಿರಲಿ. ಕನ್ನಡದಲ್ಲಿ ಅದು ಸೆಕೆಂಡ್ ಹ್ಯಾಂಡ್ ಗಾಡಿಯ ಓಟವನ್ನು ಹಿಂದಕ್ಕೆ ಹಾಕುವ ಮೋಸ, ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಲ್ಲಿ ಹೀಗೆ ಬರೆಯಬಹುದು: 'ಆಗಲೇ ಓಡಿದ ಮೈಲಿಯನ್ನು ಮುಟ್ಟಬಾರದು, ಇಲ್ಲಿಂದ ಮುಂದೆ ಎಣಿಸುವುದನ್ನು ಮಾತ್ರ ಹೊಂದಿಸಬೇಕು.'