ಆಂಪ್ಲಿಫೈಯರ್ ಅಳೆಯಲು ದುಬಾರಿ ಅನಲೈಸರ್ ಬೇಕೇ ಬೇಕಾ?

ಬೆಸುಗೆ_ಹುಡುಗ:
ನಮಸ್ಕಾರ. ಎಲ್‌ಎಂ3886 ಐಸಿ ಹಾಕಿ ಮನೆಯಲ್ಲೇ ಒಂದು ಆಂಪ್ ಮಾಡಿದ್ದೇನೆ. ಕೇಳಲು ಚೆನ್ನಾಗಿಯೇ ಇದೆ. ಸುಮ್ನೆ ಇರಲಾರದೆ ಅಳೆದೆ. ಯುಎಸ್‌ಬಿ ಸೌಂಡ್ ಕಾರ್ಡ್, ಆಡಿಯೋ ಅಳೆಯುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್, 1 ಕಿಲೋಹರ್ಟ್ಸ್, 8 ಓಮ್ ಲೋಡಿನ ಮೇಲೆ 2 ವೋಲ್ಟ್. ಟಿಎಚ್‌ಡಿ+ಎನ್ (ಸಿಗ್ನಲ್ ಜೊತೆ ಸೇರಿಕೊಂಡ ವಿರೂಪ ಮತ್ತು ಗದ್ದಲದ ಒಟ್ಟು ಪಾಲು) 0.09% ಬಂತು. ಐಸಿಯ ಡೇಟಾಶೀಟಿನಲ್ಲಿ 0.03% ಎಂದಿದೆ. ಗ್ರಾಫಿನ ಎಡಗಡೆ 50, 100, 150 ಹರ್ಟ್ಸ್‌ನಲ್ಲಿ ಬೇಲಿ ಗೂಟದ ಹಾಗೆ ಗೆರೆಗಳು ನಿಂತಿವೆ. ತಪ್ಪು ಆಂಪಿನದೋ ಕಾರ್ಡಿನದೋ? ಆಡಿಯೋ ಪ್ರಿಸಿಷನ್ ಅನಲೈಸರ್ ಬೆಲೆ ವಿಚಾರಿಸಿದೆ. ಆ ದುಡ್ಡಿಗೆ ಕಾರು ಬರುತ್ತದೆ!

ಹಳೇ_ರೇಡಿಯೋ:
ಮೊದಲು ಆಂಪನ್ನು ಪಕ್ಕಕ್ಕಿಡಿ. ಕಾರ್ಡಿನ ಔಟ್‌ಪುಟ್‌ನಿಂದ ಅದರದ್ದೇ ಇನ್‌ಪುಟ್‌ಗೆ ವೈರ್ ಎಳೆದು ಅಳೆಯಿರಿ. ಆಗಲೂ 0.09% ಬಂದರೆ ಇಷ್ಟು ಹೊತ್ತು ನೀವು ಅಳೆದದ್ದು ಕಾರ್ಡನ್ನೇ. ತೂಗುವ ಮೊದಲು ತಕ್ಕಡಿ ಸರಿಯಿದೆಯಾ ನೋಡಬೇಕು, ಅಲ್ವಾ?

ಆಮೇಲೆ ಗೂಟಗಳನ್ನು ಬೇರೆ ಬೇರೆ ಓದಿ. 100, 200, 300 ಜಾಸ್ತಿ ಇದ್ದರೆ ಅದು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಕಡೆಯ ತೊಂದರೆ. ದೊಡ್ಡ ಕೆಪಾಸಿಟರ್‌ಗಳಿಗೆ ಹೋಗುವ ಚಾರ್ಜಿಂಗ್ ಕರೆಂಟು ಸಿಗ್ನಲ್ ಗ್ರೌಂಡಿನಲ್ಲೂ ಹರಿಯುತ್ತಿರುತ್ತದೆ. 50, 150 ಎದ್ದಿದ್ದರೆ ಟ್ರಾನ್ಸ್‌ಫಾರ್ಮರ್ ಹತ್ತಿರವಿದೆ, ಇಲ್ಲವೇ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತು). ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ನಾನೊಮ್ಮೆ ಮೂರು ದಿನ ಗ್ರೌಂಡ್ ಬಿಚ್ಚಿ ಬೆಸೆದು, ಬಿಚ್ಚಿ ಬೆಸೆದು ಸುಸ್ತಾಗಿದ್ದೆ. ಕೊನೆಗೆ ಕಳ್ಳ ಯಾರು ಅಂದರೆ ಚಾರ್ಜರ್.

ಇನ್ನೊಂದು ಮಾತು. ಆ 0.03% ಕೊಟ್ಟಿರುವುದು 4 ಓಮ್‌ಗೆ 60 ವ್ಯಾಟಿನಲ್ಲಿ. ನೀವು ನೋಡಿದ್ದು ಅರ್ಧ ವ್ಯಾಟಿನಲ್ಲಿ. ಅಲ್ಲಿ ಹಮ್ (ಕರೆಂಟಿನ ಗುಂಯ್ ಸದ್ದು) ಎದ್ದು ಕಾಣುತ್ತದೆ. ಹಾಗಂತ ಒಮ್ಮೆಲೇ ಪವರ್ ಏರಿಸಬೇಡಿ! 8 ಓಮ್‌ಗೆ 50 ವ್ಯಾಟ್ ಅಂದರೆ 20 ವೋಲ್ಟ್. ಕಾರ್ಡ್ ಸುಟ್ಟೀತು. 9.1ಕೆ ಮತ್ತು 1ಕೆ ರೆಸಿಸ್ಟರ್ ಹಾಕಿ ಹತ್ತನೇ ಒಂದಕ್ಕೆ ಇಳಿಸಿಕೊಳ್ಳಿ.

ಲ್ಯಾಬ್_ಪಕ್ಷಿ:
ಕೆಲಸದಲ್ಲಿ ಆಡಿಯೋ ಪ್ರಿಸಿಷನ್ನಿನದೇ ಎಪಿಎಕ್ಸ್555 ಅನಲೈಸರ್ ಬಳಸುತ್ತೇನೆ. ಅದರ ಸ್ವಂತ ಕೊಳೆ -120 ಡಿಬಿ ಆಸುಪಾಸು, ಅಂದರೆ 0.0001%. 1 ಕಿಲೋಹರ್ಟ್ಸ್ ಅನ್ನು ಅನಲಾಗ್ ನಾಚ್ ಫಿಲ್ಟರಿನಲ್ಲೇ ಕತ್ತರಿಸಿ, ಉಳಿದ ಚೂರನ್ನಷ್ಟೇ ದೊಡ್ಡದು ಮಾಡಿ ಎಡಿಸಿಗೆ (ಸಿಗ್ನಲನ್ನು ಅಂಕಿಯಾಗಿಸುವ ಭಾಗ) ಕೊಡುತ್ತದೆ. ಗುಟ್ಟು ಅದೇ. ನಿಮಗೆ ಬೇಕಾದ 0.03% ಬರೀ -70 ಡಿಬಿ. ಅದಕ್ಕೆ ಒಳ್ಳೆಯ ಕಾರ್ಡ್ ಧಾರಾಳವಾಗಿ ಸಾಕು. ಆರ್‌ಇಡಬ್ಲ್ಯೂ ಜನರೇಟರಿನಲ್ಲಿ ಫ್ರೀಕ್ವೆನ್ಸಿಯನ್ನು ಎಫ್‌ಎಫ್‌ಟಿಗೆ (ಸಿಗ್ನಲನ್ನು ಫ್ರೀಕ್ವೆನ್ಸಿವಾರು ಬಿಡಿಸುವ ಲೆಕ್ಕ) ಲಾಕ್ ಮಾಡಲು ಮರೆಯಬೇಡಿ.

ಬೆಸುಗೆ_ಹುಡುಗ:
ಕಾರ್ಡ್ ಒಂದೇ ಅಳೆದರೆ 0.003%. ಪಾಪ, ಅದರ ತಪ್ಪಿಲ್ಲ. ಚಾರ್ಜರ್ ಕಿತ್ತ ಕೂಡಲೇ 50, 150 ಮಲಗಿದವು. 100 ಮಾತ್ರ ಹಾಗೇ ನಿಂತಿದೆ. ಮುಚ್ಚಳ ತೆಗೆದು ನೋಡಿದರೆ ಇನ್‌ಪುಟ್ ಸಾಕೆಟಿನ ಗ್ರೌಂಡನ್ನು ಬ್ರಿಡ್ಜ್ ರೆಕ್ಟಿಫೈಯರ್ ಪಕ್ಕದಲ್ಲೇ ಬೆಸೆದಿದ್ದೇನೆ, ವೈರ್ ಉಳಿಸಲು! ನಾಳೆ ಬಿಚ್ಚುತ್ತೇನೆ ಸರ್.